ಜಜ್ಜಿದ ಸ್ನಾಯು ಕೆರೋಟಿಡ್ ಹಿಡಿಯಿತು: ಸೈನಸ್ ಎಂಡೋಸ್ಕೋಪಿಯ ರಕ್ತನಾಳದ ತೊಡಕುಗಳು, ನನ್ನ ಅನುಭವ

ತೊಡೆಯಿಂದ ಒಂದು ತುಂಡು ಸ್ನಾಯು ತೆಗೆದು, ಜಜ್ಜಿ, ಮೂಗಿನ ಸರ್ಜರಿಯಲ್ಲಿ ಹರಿದ ಕೆರೋಟಿಡ್ (ಮೆದುಳಿಗೆ ರಕ್ತ ಒಯ್ಯುವ ದೊಡ್ಡ ನಾಳ) ಮೇಲೆ ಒತ್ತಿ ಹಿಡಿದರೆ ರಕ್ತ ನಿಲ್ಲುತ್ತದೆ ಎಂದು ನಾನು ಹೇಳತೊಡಗಿದಾಗ ಸುತ್ತಲಿನ ಇಎನ್‌ಟಿ ಗೆಳೆಯರಲ್ಲಿ ಹೆಚ್ಚಿನವರು ಒಪ್ಪಿರಲಿಲ್ಲ. "ದೊಡ್ಡ ಊರಿನ ಸ್ಕಲ್ ಬೇಸ್ (ತಲೆಬುರುಡೆಯ ತಳದ ಸರ್ಜರಿ) ಯೂನಿಟ್ಟಿನಲ್ಲಿ ಆಗಬಹುದು. ನಮ್ಮಂಥ ಥಿಯೇಟರಿನಲ್ಲಿ ತೊಡೆ ಕುಯ್ದು ಸ್ನಾಯು ತೆಗೆಯುವಷ್ಟರಲ್ಲಿ ರೋಗಿ ಹೋಗಿಬಿಟ್ಟಿರುತ್ತಾರೆ. ಮೂಗಿಗೆ ಬಟ್ಟೆ ತುರುಕಿ ಬಿಗಿಯಾಗಿ ಪ್ಯಾಕ್ ಹಾಕಿ ಕಳಿಸಿಬಿಡಿ" ಎನ್ನುವ ಮಾತನ್ನು ಎಷ್ಟು ಸಿಎಂಇಗಳಲ್ಲಿ (ಡಾಕ್ಟರುಗಳ ಕಲಿಕಾ ಸಭೆ) ಕೇಳಿದ್ದೇನೋ ಲೆಕ್ಕವಿಲ್ಲ. ಈಗ ಎರಡು ಕೇಸಿನಲ್ಲಿ ಅದು ನಿಂತಿದೆ. ಇಬ್ಬರೂ ಕೈಕಾಲು ನೆಟ್ಟಗಿದ್ದು, ನಡೆದುಕೊಂಡೇ ಮನೆಗೆ ಹೋದರು. ಅದಕ್ಕೇ ಖರ್ಚು, ಸೋಲು ಎಲ್ಲವನ್ನೂ ಸೇರಿಸಿ ಬರೆದಿಡುತ್ತಿದ್ದೇನೆ.

18 ವರ್ಷದಲ್ಲಿ ಎಂಡೋಸ್ಕೋಪಿಕ್ ಕೇಸು ಒಟ್ಟು 2,500ರ ಆಸುಪಾಸು ಆಗಿರಬಹುದು, ಪಿಟ್ಯುಟರಿ (ಮೆದುಳಿನ ಬುಡದ ಗ್ರಂಥಿ) ಮತ್ತು 2021ರ ಮ್ಯೂಕರ್ (ಕಪ್ಪು ಶಿಲೀಂಧ್ರ) ಕೇಸುಗಳೂ ಸೇರಿ. ಅದರಲ್ಲಿ ಕೆರೋಟಿಡ್ ಹರಿದದ್ದು ಮೂರು. ಕಣ್ಣಿನ ಹಿಂದೆ ರಕ್ತ ತುಂಬಿದ್ದು ನಾಲ್ಕೋ ಐದೋ. ಮೂಗಿನ ಹಿಂಭಾಗಕ್ಕೆ ರಕ್ತ ಕೊಡುವ ಸ್ಫಿನೋಪ್ಯಾಲಟೈನ್ ನಾಳದ ಕಡೆಯಿಂದ, ಮನೆಗೆ ಹೋದ ಮೇಲೆ ರಕ್ತ ಬಂದು ವಾಪಸಾದವರು ಮೂವತ್ತು ಜನರ ಹತ್ತಿರ. ಸಾಮಾನ್ಯ ಪಾಲಿಪ್ (ಮೂಗಿನೊಳಗಿನ ಮೆತ್ತನೆ ಗಡ್ಡೆ) ಕೇಸು ಮಾತ್ರ ಮಾಡುವವರಿಗೆ ಇಡೀ ಜೀವಮಾನದಲ್ಲಿ ಒಂದು ಕೆರೋಟಿಡ್ ಕೂಡ ಸಿಗದೆ ಹೋಗಬಹುದು. ತೊಂದರೆ ಇರುವುದೇ ಅಲ್ಲಿ. ಸಿಕ್ಕ ದಿನ ಅದೇ ಮೊದಲ ಸಲವಾಗಿರುತ್ತದೆ, ಕೈ ಪಳಗಿರುವುದಿಲ್ಲ.

ಮೊದಲನೆಯದರಲ್ಲಿ ನಾವೂ ಬಿಗಿದೇ ಪ್ಯಾಕ್ ಹಾಕಿದ್ದೆವು. ಸ್ಫಿನಾಯ್ಡ್ (ಮೂಗಿನ ತೀರಾ ಹಿಂದಿನ ಸೈನಸ್) ಒಳಗಿನ ಸೆಪ್ಟಮ್, ಅಂದರೆ ನಡುಗೋಡೆ, ಹಿಂದೆ ಹೋಗಿ ಎಡ ಕೆರೋಟಿಡ್‌ನ ಮೂಳೆಗೆ ಕೂತಿತ್ತು. ಅದನ್ನು ಬ್ಲೇಕ್ಸ್ಲೀ ಇಕ್ಕಳದಲ್ಲಿ ಹಿಡಿದು ತಿರುಚಿದಾಗ ಸೆಪ್ಟಮ್ ಜೊತೆಗೆ ಕೆರೋಟಿಡ್ ಸುತ್ತಲಿನ ಮೂಳೆಯ ಚೂರೂ ಕಿತ್ತು ಬಂತು. ರಿಬ್ಬನ್ ಗಾಜ್ ಬಟ್ಟೆ ಎರಡು ಮೀಟರಿನಷ್ಟು ತುರುಕಿದೆವು. ರಕ್ತ ನಿಂತಿತು, ಅದರ ಜೊತೆಗೆ ಕೆರೋಟಿಡ್ ಕೂಡ ಪೂರ್ತಿ ಅಮುಕಿಹೋಗಿತ್ತು. ಆಂಜಿಯೋದಲ್ಲಿ (ರಕ್ತನಾಳದ ಎಕ್ಸ್‌ರೇ) ಆ ಕಡೆ ಹರಿವೇ ಕಾಣಲಿಲ್ಲ. ಜೀವ ಉಳಿಯಿತು, ಬಲಗೈ ಮಾತ್ರ ಪೂರ್ತಿ ಮರಳಲಿಲ್ಲ. ಪ್ಯಾಕ್ ಹಾಕಿ ಕಳಿಸಿದರೆ ಸಾಕು ಎನ್ನುವವರಿಗೆ ನನ್ನ ಉತ್ತರ ಆ ಬಲಗೈ. ಮೂಗಿನ ಹಿಂಭಾಗ ಗಟ್ಟಿ ಮೂಳೆಯ ಪೆಟ್ಟಿಗೆ ಇದ್ದಂತೆ. ಅದರೊಳಗೆ ಗಾಜ್ ಬಟ್ಟೆ ತುರುಕಿದಷ್ಟೂ ಒತ್ತಡ ನಾಳದ ಮೇಲೇ ಬೀಳುತ್ತದೆ, ಬೇರೆ ಕಡೆ ಸರಿಯಲು ಜಾಗವಿಲ್ಲ.

ಈಗ ನಾವು ಮಾಡುವ ಕ್ರಮ ಹೀಗಿದೆ.

ಯಾವ ಕೇಸಿಗೆ ತಯಾರಾಗಬೇಕೆಂಬುದು ಹಿಂದಿನ ದಿನವೇ ಸಿಟಿ ನೋಡಿ ತೀರ್ಮಾನವಾಗುತ್ತದೆ. ಒಂದು ಮಿ.ಮೀ. ಅಥವಾ ಅದಕ್ಕಿಂತ ತೆಳುವಾದ ಕಟ್ ಇಲ್ಲದ ಸಿಟಿಯನ್ನು ನಾವು ಒಪ್ಪುವುದಿಲ್ಲ. ಅಡ್ಡ ಕಟ್ಟಿನ ಆಕ್ಸಿಯಲ್‌ನಲ್ಲಿ ಸ್ಫಿನಾಯ್ಡ್ ಸೆಪ್ಟಮ್ ಎಲ್ಲಿ ಕೂತಿದೆ, ಕೆರೋಟಿಡ್ ಮೇಲೆ ಮೂಳೆ ಇದೆಯೋ ಇಲ್ಲವೋ, ಓನೋಡಿ ಕೋಶ (ಸ್ಫಿನಾಯ್ಡ್ ಮೇಲಕ್ಕೆ ಚಾಚಿದ ಹಿಂದಿನ ಎಥ್ಮಾಯ್ಡ್ ಕೋಶ) ಇದೆಯೋ ಎಂದು ನೋಡಬೇಕು. ಎದುರಿನಿಂದ ನೋಡುವ ಕೊರೋನಲ್‌ನಲ್ಲಿ ಕಣ್ಣಿನ ಗೂಡಿನಿಂದ ಮೂಗಿಗೆ ಬರುವ ಮುಂದಿನ ಎಥ್ಮಾಯ್ಡ್ ನಾಳ ತಲೆಬುರುಡೆಯ ತಳಕ್ಕೆ ಅಂಟಿ ಹೋಗಿದೆಯೋ, ಕೆಳಗೆ ಜೋತಾಡುತ್ತಿದೆಯೋ ನೋಡಬೇಕು. ಕಣ್ಣಿನ ಒಳಗೋಡೆಯಲ್ಲಿ, ಮೀಡಿಯಲ್ ರೆಕ್ಟಸ್ ಮತ್ತು ಸುಪೀರಿಯರ್ ಆಬ್ಲಿಕ್ ಎಂಬ ಕಣ್ಣಿನ ಸ್ನಾಯುಗಳ ನಡುವೆ ಸಣ್ಣ ಮೊನೆ ಚಾಚಿದ ಹಾಗೆ ಕಾಣುವುದೇ ಅದರ ಗುರುತು. ಸೆಪ್ಟಮ್ ಕೆರೋಟಿಡ್ ಮೇಲೆ ಕೂತಿದ್ದರೆ ಅದನ್ನು ತಿರುಚುವ ಮಾತೇ ಇಲ್ಲ. ಥ್ರೂ-ಕಟ್ (ಎಳೆಯದೆ ಕತ್ತರಿಸುವ ಇಕ್ಕಳ) ಅಥವಾ ಡ್ರಿಲ್, ಅದೂ ಬುಡದವರೆಗೆ ಬೇಡ. ಬುಡ ಅಲ್ಲೇ ಉಳಿದರೆ ರೋಗಿಗೆ ನಷ್ಟವಿಲ್ಲ. ಸ್ಫಿನಾಯ್ಡ್ ಪಕ್ಕದ ಗೋಡೆಯ ಹತ್ತಿರ ಡಿಬ್ರೈಡರ್ (ಎಳೆದು ಕತ್ತರಿಸುವ ಯಂತ್ರ) ಒಯ್ಯುವುದನ್ನು ನಾನು ಪೂರ್ತಿ ನಿಲ್ಲಿಸಿದ್ದೇನೆ. ಅದರ ಬಾಯಿಗೆ ಪಾಲಿಪ್ಪೂ ಒಂದೇ, ನಾಳದ ಗೋಡೆಯೂ ಒಂದೇ.

ಅಪಾಯದ ಕೇಸು ಎಂದು ಗುರುತು ಹಾಕಿದ ಮೇಲೆ ನಾಲ್ಕು ವಿಷಯದಲ್ಲಿ ರಾಜಿ ಇಲ್ಲ. ಬಲ ತೊಡೆಯ ಹೊರಭಾಗ ಬೆಟಾಡಿನ್ ಹಚ್ಚಿ ಡ್ರೇಪ್ ಮಾಡಿಟ್ಟಿರಬೇಕು, ಕನ್ಸೆಂಟಿನಲ್ಲಿ ತೊಡೆಯ ಗಾಯದ ಮಾತೂ ಇರಬೇಕು. ಎರಡು ಸಕ್ಷನ್ ಯಂತ್ರ ಬೇಕು, ಎರಡೂ ಬೇರೆ ಬೇರೆ ಪ್ಲಗ್ಗಿನಲ್ಲಿ, ಎರಡಕ್ಕೂ ಖಾಲಿ ಜಾಡಿ. ಎರಡು ದಪ್ಪ ಐವಿ ಲೈನು, ಎರಡು ಯೂನಿಟ್ ಕ್ರಾಸ್‌ಮ್ಯಾಚ್ ಆದ ರಕ್ತ. ಆಂಜಿಯೋ ಇರುವ ಊರಿನ ನ್ಯೂರೋ ಇಂಟರ್ವೆನ್ಷನ್ (ನಾಳದೊಳಗಿಂದಲೇ ಚಿಕಿತ್ಸೆ ಮಾಡುವ) ಡಾಕ್ಟರಿಗೆ ಹಿಂದಿನ ಸಂಜೆ ಒಂದು ಫೋನು: "ನಾಳೆ ಇಂಥ ಕೇಸು ಇದೆ, ಬೇಕಾದರೆ ಕರೆಯುತ್ತೇವೆ." ಈ ಫೋನಿಗೆ ಒಂದು ಪೈಸೆ ಖರ್ಚಿಲ್ಲ. ಆದರೆ ಮಾರನೇ ದಿನ ಒಂದು ಗಂಟೆ ಉಳಿಸಿಕೊಡುವುದು ಇದೇ.

ಸಕ್ಷನ್ ಯಂತ್ರದ ಬಗ್ಗೆ ಒಂದು ಮಾತು. ಎರಡನೆಯದನ್ನು ಕೊಳ್ಳಲು ಆಡಳಿತದವರು ಒಂದು ವರ್ಷ ಹಿಂದೆಮುಂದೆ ನೋಡಿದರು. ಸುಮಾರು 18,000 ರೂಪಾಯಿ ಆಗಿತ್ತು. ಕೆರೋಟಿಡ್ ಒಂದರಲ್ಲಿ ನಿಮಿಷಕ್ಕೆ ಹತ್ತಿರ ಹತ್ತಿರ 250 ಮಿ.ಲೀ. ಹರಿಯುತ್ತದೆ. ಮೂಗಿಗೆ ಹಾಕುವ ಸಣ್ಣ ಸಕ್ಷನ್ ತುದಿ ಅದನ್ನು ಎಳೆಯಲಾರದು, ಒಂದು ಹೆಪ್ಪು ಸಿಕ್ಕಿದರೆ ಅಲ್ಲಿಗೇ ಕಟ್ಟಿಕೊಳ್ಳುತ್ತದೆ. ನಾವು ಇಡುವುದು 10 ಮತ್ತು 12 ಫ್ರೆಂಚ್ ಅಳತೆಯ ದಪ್ಪ ಕೊಳವೆ. ಎಳೆತ ತಗ್ಗಿಸುವ ಬೆರಳಿನ ತೂತಿದ್ದರೆ ಅದನ್ನು ಪ್ಲಾಸ್ಟರಿನಿಂದ ಮುಚ್ಚಿಬಿಡುತ್ತೇವೆ.

ಹರಿದ ಕ್ಷಣಕ್ಕೆ ಬರೋಣ. ತೆರೆಯ ಮೇಲೆ ಇದ್ದಕ್ಕಿದ್ದಂತೆ ಎಲ್ಲ ಕೆಂಪಾಗುತ್ತದೆ, ಲೆನ್ಸು ಕುರುಡಾಗುತ್ತದೆ. ಆಗ ಕೈ ತಾನಾಗಿಯೇ ಸ್ಕೋಪ್ ಹೊರಗೆಳೆದು ಗಾಜ್ ಬಟ್ಟೆ ತುರುಕಲು ಹೋಗುತ್ತದೆ. ತಡೆಯಬೇಕಾದದ್ದು ಅದನ್ನೇ. ರಕ್ತದ ಚಿಲುಮೆ ಯಾವ ಕಡೆಗೆ ಹಾರುತ್ತಿದೆ ಎಂದು ನೋಡಿ, ದಪ್ಪ ಸಕ್ಷನ್ ಆ ಮೂಗಿನ ಹೊಳ್ಳೆಯಲ್ಲಿ, ಸ್ಕೋಪ್ ಇನ್ನೊಂದರಲ್ಲಿ. ಮೂಗಿನ ನಡುವಿನ ಸೆಪ್ಟಮ್ ಸ್ಕೋಪಿಗೆ ಮರೆಯಾಗುತ್ತದೆ. ಹಿಂದಿನ ಸೆಪ್ಟಮ್ ಒಂದೂವರೆ ಸೆಂಟಿಮೀಟರಿನಷ್ಟು ಮೊದಲೇ ತೆಗೆದಿದ್ದರೆ ಎರಡೂ ಕೈ ಒಂದೇ ಜಾಗಕ್ಕೆ ತಲುಪುತ್ತವೆ. ತೆಗೆದಿರದಿದ್ದರೆ ಆ ಗಳಿಗೆಯಲ್ಲಿ ಬ್ಯಾಕ್-ಬೈಟರ್ ಇಕ್ಕಳ ಹಾಕಿ ತೆಗೆಯಬೇಕಾಗುತ್ತದೆ, ನಾವು ಒಮ್ಮೆ ಹಾಗೆ ಮಾಡಿದ್ದೇವೆ, ಎರಡು ನಿಮಿಷ ಹೋಯಿತು. ಸಕ್ಷನ್ ಹಿಡಿದವರು ತೂತಿಗೆ ತಾಗಿಸಬಾರದು. ಅರ್ಧ ಸೆಂಟಿಮೀಟರ್ ಮೇಲೆ ತೇಲಿಸಿ ಹಿಡಿಯಬೇಕು, ಹಾರುವ ರಕ್ತ ನೇರ ಕೊಳವೆಯ ಬಾಯಿಗೇ ಹೋಗಬೇಕು. ಅದೊಂದು ಸರಿಯಾದರೆ ಎರಡು ಮೂರು ಸೆಕೆಂಡಿಗೆ ತೂತು ಕಾಣುತ್ತದೆ. ಲೆನ್ಸ್ ತೊಳೆಯುವ ಪಂಪು ಇದ್ದವರು ಬಳಸಲಿ. ನಮ್ಮಲ್ಲಿ ಇರಲಿಲ್ಲ, ಸಿಸ್ಟರ್ 20 ಸಿಸಿ ಸಿರಿಂಜಿನಿಂದ ಬೆಚ್ಚಗಿನ ಸಲೈನ್ ಬಿಡುತ್ತಿದ್ದರು.

ತೂತು ಕಂಡ ಕೂಡಲೇ ಸಲೈನಿನಲ್ಲಿ ನೆನೆಸಿದ ಪ್ಯಾಟಿ (ದಾರ ಕಟ್ಟಿದ ಹತ್ತಿಯ ಪಟ್ಟಿ) ಇಟ್ಟು ಮೆಲ್ಲಗೆ ಒತ್ತಿ ಹಿಡಿಯಬೇಕು. ಗಮನವಿರಲಿ, ಸಲೈನಿನದು. ಟ್ರೇಯಲ್ಲಿರುವ 1:1000 ಅಡ್ರಿನಲಿನ್ ಪ್ಯಾಟಿ ಕೈಗೆ ಸಿಕ್ಕಿತೆಂದು ಅದನ್ನೇ ತೆರೆದ ಕೆರೋಟಿಡ್ ಮೇಲೆ ಇಟ್ಟರೆ ಅಡ್ರಿನಲಿನ್ ನೇರ ಮೆದುಳಿಗೆ ಹೋಗುವ ದಾರಿಯಲ್ಲಿರುತ್ತದೆ. ಅದಕ್ಕೇ ನಮ್ಮ ಅಡ್ರಿನಲಿನ್ ಬಟ್ಟಲಿಗೆ ಬಣ್ಣ ಹಾಕಿರುತ್ತೇವೆ, ಸಲೈನ್ ಪ್ಯಾಟಿ ಬೇರೆ ಬಟ್ಟಲಲ್ಲಿ. ಥ್ರಾಂಬಿನ್ ಜೆಲ್ಲಿ ಥರದವನ್ನೂ ತೂತಿನೊಳಕ್ಕೆ ಚುಚ್ಚಬಾರದು, ಕಾರಣ ಅದೇ. ಬೈಪೋಲಾರ್ (ಕರೆಂಟಿನಿಂದ ಸುಟ್ಟು ಮುಚ್ಚುವ ಇಕ್ಕಳ) ಅಷ್ಟು ದೊಡ್ಡ ತೂತಿಗೆ ಹಿಡಿಯುವುದಿಲ್ಲ, ಅಂಚು ಸುಟ್ಟು ತೂತು ದೊಡ್ಡದಾಗುತ್ತದೆ. ಇಷ್ಟರ ನಡುವೆ ಅನೆಸ್ತೀಶಿಯಾ ಕಡೆಯವರಿಗೆ ಹೇಳಬೇಕಾದ ವಾಕ್ಯ ಒಂದೇ: "ಬಿಪಿ ಇಳಿಸಬೇಡಿ." ಅಷ್ಟೊತ್ತು ಮೀನ್ ಪ್ರೆಶರ್ (ಸರಾಸರಿ ಬಿಪಿ) 65ರ ಹತ್ತಿರ ಇಟ್ಟುಕೊಂಡು ಬಂದಿರುತ್ತಾರೆ. ಒಂದು ಕೆರೋಟಿಡ್ ಸೋರುತ್ತಿರುವಾಗ ಇನ್ನೊಂದು ಕಡೆಯಿಂದ ಮೆದುಳಿಗೆ ರಕ್ತ ತಳ್ಳಲು ಒತ್ತಡ ಬೇಕು. 80ರಿಂದ 90 ಇದ್ದರೆ ಒಳ್ಳೆಯದು. ರಕ್ತ, ದ್ರವ ಎರಡೂ ಓಡಲಿ. ಬಿಪಿ ಇಳಿಸಿದರೆ ನಮಗೆ ಚೆನ್ನಾಗಿ ಕಾಣುತ್ತದೆ ಎನ್ನುವುದು ನಿಜ, ಆ ಆಸೆಗೆ ಬೀಳಬಾರದು. ಕುತ್ತಿಗೆಯಲ್ಲಿ ಅದೇ ಕಡೆಯ ಕೆರೋಟಿಡ್ ಅನ್ನು ಬೆರಳಿಂದ ಅದುಮಿದರೆ ಸ್ವಲ್ಪ ತಗ್ಗುತ್ತದೆ. ಪೂರ್ತಿ ನಿಲ್ಲುವುದಿಲ್ಲ, ಮೆದುಳಿನ ಬುಡದ ನಾಳಗಳ ಬಳೆ, ವಿಲ್ಲಿಸ್ ವೃತ್ತದ ಕಡೆಯಿಂದ ಹಿಂದಕ್ಕೂ ರಕ್ತ ಬರುತ್ತದೆ.

ಇನ್ನು ಸ್ನಾಯು. ಮೂಗಿನ ಕಡೆ ಇಬ್ಬರು ಹಿಡಿದಿರುವಾಗ ಮೂರನೆಯವರು ತೊಡೆಗೆ ಹೋಗುತ್ತಾರೆ. ನಮ್ಮಲ್ಲಿ ಅದು ಪಕ್ಕದ ಥಿಯೇಟರಿನ ಸರ್ಜನ್ ಅಥವಾ ಆರ್ಥೋದವರು. ತೊಡೆಯ ಹೊರಮಗ್ಗುಲಿನ ನಡುವೆ 4 ಸೆಂ.ಮೀ. ಗಾಯ, ಫ್ಯಾಷಿಯಾ ಲಾಟಾ (ಸ್ನಾಯುವಿನ ಹೊದಿಕೆ) ಬಿಡಿಸಿ, ವಾಸ್ಟಸ್ ಲ್ಯಾಟರಾಲಿಸ್‌ನಿಂದ 2 ಸೆಂ.ಮೀ. ಚೌಕದ, 1 ಸೆಂ.ಮೀ. ದಪ್ಪದ ತುಂಡು. ಕತ್ತರಿಯಲ್ಲೇ ತೆಗೆಯಬೇಕು, ಕಾಟರಿ ಮುಟ್ಟಿಸಬಾರದು. ಸುಟ್ಟ ಸ್ನಾಯು ಒಣಗಿದ ತೊಗಲಿನ ಹಾಗೆ ಜಾರುತ್ತದೆ. ಅಭ್ಯಾಸಕ್ಕೆ ಮಾಡಿ ನೋಡಿದಾಗ ಮೊದಮೊದಲು ಏಳು ನಿಮಿಷ ಬೇಕಾಗುತ್ತಿತ್ತು. ತೊಡೆ ಮೊದಲೇ ಡ್ರೇಪ್ ಆಗಿದ್ದರೆ, ಬ್ಲೇಡು, ಕತ್ತರಿ, ಲ್ಯಾಂಗನ್‌ಬೆಕ್ ಒಂದು ಸಣ್ಣ ಟ್ರೇಯಲ್ಲಿ ಬೇರೆಯೇ ಇದ್ದರೆ ಎರಡೂವರೆ ಮೂರು ನಿಮಿಷಕ್ಕೆ ತುಂಡು ಕೈಗೆ ಬರುತ್ತದೆ. ರೋಗಿ ಅಷ್ಟರಲ್ಲಿ ಹೋಗಿರುತ್ತಾರೆ ಎಂದವರಿಗೆ ನಮ್ಮ ಗಡಿಯಾರದ ಲೆಕ್ಕ ಇದು. ತೊಡೆಯೇ ಆಗಬೇಕೆಂದೇನಿಲ್ಲ, ಕುತ್ತಿಗೆಯ ಸ್ಟರ್ನೋಮ್ಯಾಸ್ಟಾಯ್ಡ್ ಆದರೂ ನಡೆಯುತ್ತದೆ. ಆದರೆ ತಲೆಯ ಹತ್ತಿರ ಮೊದಲೇ ಮೂವರ ಕೈ ತುಂಬಿರುತ್ತದೆ, ಕುತ್ತಿಗೆ ಅದುಮಿ ಹಿಡಿದವರೂ ಅಲ್ಲೇ ಇರುತ್ತಾರೆ.

ಜಜ್ಜುವುದೇ ಇಡೀ ವಿಧಾನದ ಜೀವ. ಎರಡು ಸ್ಟೀಲ್ ಕಿಡ್ನಿ ಟ್ರೇ, ಒಂದರಲ್ಲಿ ತುಂಡು ಇಟ್ಟು ಇನ್ನೊಂದರ ಬೆನ್ನಿನಿಂದ ಅರೆದು ಒತ್ತುವುದು. ಇಡೀ ಮೈಭಾರ ಹಾಕಬೇಕು. ಟ್ರೇ ಎತ್ತಿದಾಗ ಎಳೆಗಳು ಬಿಚ್ಚಿಕೊಂಡು, ಮೇಲ್ಮೈ ಅಂಟಂಟಾಗಿ, ರಸ ಬಿಟ್ಟುಕೊಂಡು, ಟ್ರೇಯ ತಳಕ್ಕೆ ಹತ್ತಿಕೊಂಡಿರಬೇಕು. ಫೋರ್ಸೆಪ್ಸಿನಿಂದ ಎತ್ತಿದರೆ ಚಿಂದಿಯಾಗದೆ ಒಂದೇ ಹಾಳೆಯಾಗಿ ಏಳಬೇಕು. ಅಕ್ಕಿರೊಟ್ಟಿಯಷ್ಟು ದಪ್ಪ, ಎರಡು ಮೂರು ಮಿ.ಮೀ. ಇದ್ದರೆ ಸರಿ. ಅದಕ್ಕಿಂತ ಅರೆದರೆ ಹರಿಯುತ್ತದೆ, ಕಡಿಮೆಯಾದರೆ ಹಿಡಿಯುವುದಿಲ್ಲ. ಜಜ್ಜಿದ ಸ್ನಾಯುವಿನಿಂದ ಹೊರಬರುವ ವಸ್ತುಗಳು ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್ಲೆಟ್ಟನ್ನು ಕೆರಳಿಸುತ್ತವೆ, ಜಜ್ಜದಿದ್ದರೆ ಅದು ಬರೀ ಮುಚ್ಚಳ. ಇದು ನಾವು ಕಂಡುಹಿಡಿದದ್ದಲ್ಲ. ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ವರ್ಮಾಲ್ಡ್ ಅವರ ತಂಡ ಕುರಿಗಳ ಕೆರೋಟಿಡ್ ಮೇಲೆ ಮಾಡಿ ತೋರಿಸಿದ್ದು. ದುಬಾರಿ ಸಾಮಾನು ಒಂದೂ ಇಲ್ಲದ ಥಿಯೇಟರಿನಲ್ಲಿ ಇದನ್ನು ಹೊಂದಿಸಿಕೊಂಡದ್ದು ಮಾತ್ರ ನಮ್ಮ ಪಾಲಿನ ಕೆಲಸ, ಅದರ ಬಗ್ಗೆ ನನಗೆ ಹೆಮ್ಮೆಯಿದೆ.

ಹಾಳೆಯನ್ನು ಒಂದೂವರೆ ಸೆಂಟಿಮೀಟರಿಗೆ ಕತ್ತರಿಸಿ ಬ್ಲೇಕ್ಸ್ಲೀಯಲ್ಲಿ ಒಯ್ದು, ಪ್ಯಾಟಿ ಸರಿಸುತ್ತ ಸರಿಸುತ್ತ ಅದರ ಜಾಗಕ್ಕೆ ಸ್ನಾಯು ಕೂರಿಸಬೇಕು. ತೂತಿನ ಸುತ್ತ ಮೂರು ನಾಲ್ಕು ಮಿ.ಮೀ. ಅಂಚು ಮೂಳೆಯ ಮೇಲೆ ಕೂರಬೇಕು. ಸುತ್ತಲಿನ ಮ್ಯೂಕೋಸ (ಒಳಪೊರೆ) ಮೊದಲೇ ಬಿಡಿಸಿದ್ದರೆ ಇನ್ನೂ ಚೆನ್ನಾಗಿ ಅಂಟುತ್ತದೆ. ಅದರ ಮೇಲೆ ಒಂದು ಒಣ ಪ್ಯಾಟಿ, ಪ್ಯಾಟಿಯ ಮೇಲೆ ಸಕ್ಷನ್ ತುದಿ ಇಟ್ಟು ಒತ್ತುವುದು. ಎಷ್ಟು ಒತ್ತಬೇಕು? ರಕ್ತ ಬದಿಯಿಂದ ಜಿನುಗದಷ್ಟು, ನಾಳ ಮುಚ್ಚದಷ್ಟು. ಗಡಿಯಾರ ನೋಡಿ ಹತ್ತು ನಿಮಿಷ. ನಡುವೆ ಎತ್ತಿ ನೋಡಬಾರದು. ಎರಡನೇ ಕೇಸಿನಲ್ಲಿ ನಾಲ್ಕನೇ ನಿಮಿಷಕ್ಕೆ ಎತ್ತಿ ನೋಡಿದ್ದಕ್ಕೆ ಸ್ನಾಯು ಪ್ಯಾಟಿಗೆ ಅಂಟಿಕೊಂಡೇ ಬಂತು. ಮತ್ತೆ ತೊಡೆಗೆ ಹೋಗಬೇಕಾಯಿತು, ಅರ್ಧ ಲೀಟರ್ ರಕ್ತ ಹೆಚ್ಚಿಗೆ ಹೋಯಿತು. ಆಮೇಲೆ ಯಾವಾಗಲೂ ಎರಡು ತುಂಡು ಒಟ್ಟಿಗೆ ತೆಗೆಸುತ್ತೇನೆ. ಪ್ಯಾಟಿಯನ್ನು ಸ್ನಾಯುವಿಗೆ ಅಂಟದ ಹಾಗೆ ಬಿಡಿಸುವುದಕ್ಕೆ ನಮ್ಮದೊಂದು ಉಪಾಯವಿದೆ. ಅದನ್ನು ಅಕ್ಷರದಲ್ಲಿ ಹೇಳಿದರೆ ತಪ್ಪು ತಿಳಿದುಕೊಂಡು ಮಾಡುವ ಅಪಾಯವೇ ಹೆಚ್ಚು, ಕೈ ಪಳಗಿಸಲು ನಾವಿಟ್ಟ ಕುರಿ ತಲೆಯ ಮುಂದೆ ನಿಂತವರಿಗೆ ಕೈ ಹಿಡಿದು ತೋರಿಸುತ್ತೇನೆ.

ಎರಡನೇ ಕೇಸು ಪಿಟ್ಯುಟರಿ, ಮೂರನೆಯದು ಮ್ಯೂಕರ್. ಹರಿದಾಗಿನಿಂದ ಸ್ನಾಯು ಕೂರುವವರೆಗೆ ಒಂದರಲ್ಲಿ ಏಳು ನಿಮಿಷ, ಇನ್ನೊಂದರಲ್ಲಿ ಐದು. ರಕ್ತ ಹೋದದ್ದು ಒಂದೂ ಮುಕ್ಕಾಲು ಲೀಟರ್ ಮತ್ತು ಒಂದೂ ಕಾಲು ಲೀಟರ್ ಎಂದು ನೆನಪು. ಜಾಡಿಯಲ್ಲಿದ್ದುದರಿಂದ ತೊಳೆದ ಸಲೈನ್ ಕಳೆದ ಲೆಕ್ಕ.

ನಿಂತ ಮೇಲೆ ಸ್ನಾಯುವಿನ ಮೇಲೆ ಸರ್ಜಿಸೆಲ್ (ರಕ್ತ ನಿಲ್ಲಿಸುವ ಜಾಲರಿ) ಎರಡು ಪದರ, ಫೈಬ್ರಿನ್ ಗ್ಲೂ ಇದ್ದರೆ ಅದು, ಅದರ ಮೇಲೆ ಮೆತ್ತಗೆ ಪ್ಯಾಕ್. ಇಲ್ಲಿ ಪ್ಯಾಕಿನ ಕೆಲಸ ಸ್ನಾಯು ಜಾರದಂತೆ ಆನಿಸಿ ಹಿಡಿಯುವುದಷ್ಟೇ. ಗ್ಲೂವನ್ನೇ ಮೊದಲು ಹಾಕಿ ನೋಡಿದ್ದೇವೆ, ಚಿಲುಮೆಗೆ ತೊಳೆದುಹೋಯಿತು, 9,000 ರೂಪಾಯಿ ನೀರಿಗೆ ಹಾಕಿದ ಹಾಗಾಯಿತು. ಹೊಟ್ಟೆಯ ಕೊಬ್ಬೂ ಹಾಗೇ, ತೇಲಿಕೊಂಡು ಬಂತು.

ಆಂಜಿಯೋ ಇಲ್ಲದ ಊರಿನವರು ಇಲ್ಲಿಂದ ಮುಂದೆ ಎಚ್ಚರ ತಪ್ಪಬಾರದು. ಉಸಿರಿನ ಟ್ಯೂಬ್ ತೆಗೆಯಬಾರದು. ರೋಗಿಯನ್ನು ಮಲಗಿಸಿಯೇ, ತಲೆ 15ರಿಂದ 20 ಡಿಗ್ರಿ ಎತ್ತರಿಸಿ, ಅನೆಸ್ತೀಶಿಯಾದವರ ಜೊತೆಗೇ ಆಂಬುಲೆನ್ಸ್ ಹತ್ತಿಸಬೇಕು. ರೋಗಿಯ ಹಣೆಗೆ ಒಂದು ಪ್ಲಾಸ್ಟರ್ ಅಂಟಿಸಿ ಅದರ ಮೇಲೆ ಮಾರ್ಕರಿನಲ್ಲಿ ಬರೆಯುತ್ತೇವೆ: ಎಡವೋ ಬಲವೋ, ಸ್ನಾಯು ಎಷ್ಟು ಗಂಟೆಗೆ ಇಟ್ಟಿದ್ದು, ಒಳಗೆ ಪ್ಯಾಟಿ ಎಷ್ಟು, ಪ್ಯಾಕ್ ಎಷ್ಟು, ಕೊನೆಗೆ "ಎಳೆಯಬೇಡಿ". ಕೇಸ್ ಶೀಟು ಸಂಬಂಧಿಕರ ಕೈಯಲ್ಲಿ ಹಿಂದಿನ ಕಾರಿನಲ್ಲಿ ಉಳಿದುಬಿಡುತ್ತದೆ, ಹಣೆ ಎಲ್ಲಿಗೂ ಹೋಗುವುದಿಲ್ಲ. ಪ್ಯಾಟಿಯ ದಾರಗಳನ್ನು ಕೆನ್ನೆಗೆ ಅಂಟಿಸಿರಬೇಕು.

ಸ್ನಾಯು ಹಿಡಿದರೂ ಆಂಜಿಯೋ ಬಿಡುವಂತಿಲ್ಲ. ಆ ದಿನದ ಆಂಜಿಯೋ ಚೆನ್ನಾಗಿದೆ ಎಂದು ನೆಮ್ಮದಿಯಾಗಿ ಕೂತರೆ ವಾರದ ಮೇಲೆ ಸೂಡೋಅನ್ಯೂರಿಸಂ (ಹರಿದ ಜಾಗದ ಉಬ್ಬು) ಎದ್ದಿರುತ್ತದೆ. ನಾವು ಪಾಲಿಸುವುದು ಅದೇ ದಿನ, ಒಂದು ವಾರ, ಆರು ವಾರ, ಮೂರು ತಿಂಗಳು, ಒಂದು ವರ್ಷ. ಮೊದಲ ಎರಡು ಡಿಎಸ್ಎ (ನಾಳದೊಳಕ್ಕೆ ಕೊಳವೆ ಹಾಕಿ ಮಾಡುವ ಆಂಜಿಯೋ), ಉಳಿದವು ಸಿಟಿ ಆಂಜಿಯೋ. ಪ್ಯಾಕ್ ಬಿಚ್ಚುವುದು ಐದರಿಂದ ಏಳನೇ ದಿನದ ನಡುವೆ, ಆಂಜಿಯೋ ಮಾಡುವ ಕ್ಯಾತ್ ಲ್ಯಾಬ್ ಇರುವ ಕಟ್ಟಡದಲ್ಲೇ, ಥಿಯೇಟರಿನಲ್ಲೇ. ಮೂರನೇ ಕೇಸಿನಲ್ಲಿ ಏಳನೇ ದಿನದ ಆಂಜಿಯೋದಲ್ಲಿ ಮೂರು ಮಿ.ಮೀ. ಉಬ್ಬು ಕಂಡಿತು. ಬಲೂನಿಂದ ಮುಚ್ಚಿ ನೋಡಿದಾಗ ಎದುರು ಕಡೆಯಿಂದ ಹರಿವು ಚೆನ್ನಾಗಿತ್ತು, ಕಾಯಿಲ್ (ತಂತಿಯ ಸುರುಳಿ) ಹಾಕಿ ಆ ಕೆರೋಟಿಡ್ ಮುಚ್ಚಿದರು. ಫ್ಲೋ ಡೈವರ್ಟರ್ (ನಾಳದೊಳಗೆ ಕೂರಿಸುವ ಒತ್ತು ಜಾಲರಿಯ ಸ್ಟೆಂಟ್) ಹಾಕಿ ನಾಳ ಉಳಿಸಬಹುದಿತ್ತು, ಆದರೆ ಅದಕ್ಕೆ ಪ್ಲೇಟ್ಲೆಟ್ ಕೆಲಸ ತಡೆಯುವ ಎರಡು ಬಗೆಯ ಮಾತ್ರೆ ಕೊಡಲೇಬೇಕು. ಮ್ಯೂಕರ್ ತುಂಬಿದ, ತೆರೆದ ಗಾಯದ ಮೂಗಿನಲ್ಲಿ ಆ ಮಾತ್ರೆ ಕೊಡಲು ಯಾರಿಗೂ ಧೈರ್ಯ ಬರಲಿಲ್ಲ.

ಹಣದ ಮಾತು ಬಿಟ್ಟು ಈ ವಿಷಯ ಬರೆದರೆ ಅರ್ಧ ಬರೆದ ಹಾಗೆ. ಇಂಥ ಕೇಸಿಗೆಂದೇ ಇಟ್ಟ ನಮ್ಮ ಪೆಟ್ಟಿಗೆಯಲ್ಲಿರುವ ಸಾಮಾನು, ಎರಡನೇ ಸಕ್ಷನ್ ಯಂತ್ರ ಬಿಟ್ಟು, 6,000 ರೂಪಾಯಿ ದಾಟುವುದಿಲ್ಲ. ಡಿಎಸ್ಎ ಒಂದಕ್ಕೆ 20ರಿಂದ 30 ಸಾವಿರ ಹಿಡಿದಿದ್ದರು. ಕಾಯಿಲ್ ಹಾಕಿ ಮುಚ್ಚಿದ್ದು ಎಲ್ಲ ಸೇರಿ ಮೂರು ಲಕ್ಷದ ಹತ್ತಿರ ಹೋಯಿತು. ಫ್ಲೋ ಡೈವರ್ಟರ್ ಆಗಿದ್ದರೆ ಅದರ ಎರಡು ಪಾಲು ಎಂದಿದ್ದರು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ರೇಷನ್ ಕಾರ್ಡು, ಆಧಾರ್ ಎರಡರ ಫೋಟೋ ಅಡ್ಮಿಷನ್ ದಿನವೇ ನಮ್ಮ ಆಫೀಸಿನ ಫೋನಿನಲ್ಲಿ ಇರಲೇಬೇಕೆಂದು ಮಾಡಿದ್ದೇನೆ. ಆಂಬುಲೆನ್ಸ್ ಅರ್ಧ ದಾರಿಯಲ್ಲಿರುವಾಗ ಕಾಗದಪತ್ರ ಆ ಕಡೆ ತಲುಪಿರುತ್ತದೆ. ಮೊದಲ ಕೇಸಿನಲ್ಲಿ ಕಾರ್ಡು ಹಳ್ಳಿಯ ಮನೆಯಲ್ಲಿತ್ತು. ಮಗ ಬೈಕಿನಲ್ಲಿ ಹೋಗಿ ತರುವಷ್ಟರಲ್ಲಿ ಮೂರು ಗಂಟೆ ಕಳೆದಿತ್ತು.

ಕೈ ಪಳಗಿಸಲು ನಾವು ಮಾಡಿದ ಕುರಿ ತಲೆಯ ಪ್ರಯೋಗವನ್ನು ಹಲವರು ಕೇಳಿದ್ದಾರೆ. ಜೀವಂತ ಪ್ರಾಣಿಯ ಮೇಲೆ ಮಾಡಲು ಅನುಮತಿ, ಪ್ರಯೋಗಶಾಲೆ ಎಲ್ಲ ಬೇಕು, ನಮ್ಮಂಥವರಿಗೆ ಆಗದ ಮಾತು. ಮಾಂಸದಂಗಡಿಯಿಂದ ಚರ್ಮ ಸಮೇತ ತಲೆ ತಂದರೆ 400 ರೂಪಾಯಿ. ಕುರಿಗೆ ಮನುಷ್ಯರಷ್ಟು ದೊಡ್ಡ ಸ್ಫಿನಾಯ್ಡ್ ಸಿಗುವುದಿಲ್ಲ, ಅದಕ್ಕೆ ಹಿಂದಿನಿಂದ ಡ್ರಿಲ್ ಮಾಡಿ 14 ನಂಬರ್ ರಬ್ಬರ್ ಕೆಥೆಟರ್ ಮೂಗಿನ ಹಿಂಭಾಗಕ್ಕೆ ತಂದು, ಹೊರತುದಿ ಕಟ್ಟಿ, 11 ಬ್ಲೇಡಿನಿಂದ ಮೂರು ಮಿ.ಮೀ. ಸೀಳು ಹಾಕಿದೆವು. ಮೊದಲು ಅಕ್ವೇರಿಯಂ ಪಂಪು ಹಾಕಿದ್ದು ದಂಡ, ಮೂರು ಅಡಿ ಎತ್ತರಕ್ಕೂ ನೀರು ಏರಿಸದು, ಸೀಳಿನಿಂದ ತೊಟ್ಟಿಕ್ಕಿತಷ್ಟೆ. ನೀರು ಶುದ್ಧೀಕರಿಸುವ ಯಂತ್ರದ ಬೂಸ್ಟರ್ ಪಂಪು ಹಾಕಿದಾಗ ಕೆಥೆಟರ್ ಸಿಡಿದು ಗೋಡೆಯೆಲ್ಲ ಕೆಂಪಾಯಿತು. ಸರಿಹೋದದ್ದು ಕಾರಿನ ಗಾಜಿಗೆ ನೀರು ಚಿಮ್ಮಿಸುವ 12 ವೋಲ್ಟಿನ ಪಂಪು, ಗ್ಯಾರೇಜಿನಲ್ಲಿ 300 ರೂಪಾಯಿ. ಟಿ ಆಕಾರದ ಜೋಡಣೆ ಹಾಕಿ ಅರ್ಧ ನೀರು ಬಕೆಟ್ಟಿಗೇ ವಾಪಸ್ ಬಿಟ್ಟು, ಸ್ವಿಚ್ಚನ್ನು ಸೆಕೆಂಡಿಗೊಮ್ಮೆ ಒತ್ತಿದರೆ ನಾಡಿ ಬಡಿದ ಹಾಗೇ ಹಾರುತ್ತದೆ. ಕರೆಂಟಿಲ್ಲದ ದಿನ ಮೂರು ಲೀಟರ್ ಸಲೈನ್ ಚೀಲವನ್ನು ಐದಡಿ ಎತ್ತರಕ್ಕೆ ಕಟ್ಟಿದರೂ ಸಾಕು, ನೂರರ ಆಸುಪಾಸು ಒತ್ತಡ ಸಿಗುತ್ತದೆ, ನಾಡಿ ಮಾತ್ರ ಇರುವುದಿಲ್ಲ.

ಬಣ್ಣಕ್ಕೆ ಓಕುಳಿ ನೀರು ಮಾಡಿದೆವು, ಅರಿಶಿನಕ್ಕೆ ಸುಣ್ಣ. ಬಣ್ಣ ಒಪ್ಪುತ್ತದೆ, ಆದರೆ ಸುಣ್ಣದ ಗಸಿ ಸಕ್ಷನ್ ಕೊಳವೆಯಲ್ಲಿ ಕೂತು ಕಟ್ಟಿಕೊಳ್ಳುತ್ತದೆ. ರಕ್ತದಷ್ಟು ಮಂದ ಬರಲೆಂದು ರಾಗಿ ಗಂಜಿ ತೆಳು ಮಾಡಿ ಬಿಟ್ಟು ನೋಡಿದೆವು, ಪಂಪು ಕೆಟ್ಟಿತು. ಕೊನೆಗೆ ಉಳಿದದ್ದು ನೀರಿಗೆ ಹತ್ತಕ್ಕೆ ನಾಲ್ಕು ಪಾಲು ಗ್ಲಿಸರಿನ್, ಮೇಲೆ ಅಡುಗೆಯ ಕೆಂಪು ಬಣ್ಣ. ಒಂದು ಮಾತು ನೆನಪಿರಲಿ. ಈ ಮಾದರಿಯಲ್ಲಿ ಸ್ನಾಯು ಹಿಡಿಯುವುದೇ ಇಲ್ಲ, ಗ್ಲಿಸರಿನ್ನಿಗೆ ಪ್ಲೇಟ್ಲೆಟ್ ಎಲ್ಲಿಂದ ಬರಬೇಕು? ಇಲ್ಲಿ ಕಲಿಯುವುದು ಸ್ಕೋಪ್ ಒಳಗೇ ಇಟ್ಟುಕೊಳ್ಳುವುದನ್ನು, ಸಕ್ಷನ್ ತೇಲಿಸುವುದನ್ನು, ಒಬ್ಬರ ಕೈಗೆ ಇನ್ನೊಬ್ಬರು ಅಡ್ಡ ಬಾರದಿರುವುದನ್ನು. ಮೂರು ತಿಂಗಳಿಗೊಮ್ಮೆ ಮಾಡುತ್ತೇವೆ, ಸಿಸ್ಟರ್‌ಗಳೂ ಇರಲೇಬೇಕು.

ಅಡಿನೋಸಿನ್ ಬಗ್ಗೆಯೂ ಯೋಚಿಸಿದ್ದೆವು. ಕೆಲವು ಸೆಕೆಂಡು ಹೃದಯ ನಿಲ್ಲಿಸಿದರೆ ತೂತು ಕಾಣುತ್ತದೆ, ಆರು ಮಿಲಿಗ್ರಾಮಿನ ಮೂರು ವಯಲ್ ಪೆಟ್ಟಿಗೆಯಲ್ಲಿ ಇಟ್ಟಿದ್ದೆವು. ಆಮೇಲೆ ತೆಗೆದೆವು. ನಮ್ಮ ಪಾಲಿಪ್ ರೋಗಿಗಳಲ್ಲಿ ಎಷ್ಟೋ ಜನರಿಗೆ ಆಸ್ತಮಾ ಇರುತ್ತದೆ, ಅಡಿನೋಸಿನ್ ಅವರಿಗೆ ಕೊಡುವಂಥದ್ದಲ್ಲ. ಗಡಿಬಿಡಿಯಲ್ಲಿ ಅದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಕಣ್ಣಿನ ವಿಷಯಕ್ಕೆ ಬರುತ್ತೇನೆ. ಇದು ಕೆರೋಟಿಡ್‌ಗಿಂತ ಹೆಚ್ಚು ಸಲ ಎದುರಾಗುತ್ತದೆ, ಸಮಯವೂ ಕಡಿಮೆ. ಮುಂದಿನ ಎಥ್ಮಾಯ್ಡ್ ನಾಳ ತುಂಡಾಗಿ ಕಣ್ಣಿನ ಗೂಡಿನೊಳಕ್ಕೆ ಸರಿದುಕೊಂಡರೆ ಮೂಗಿನಲ್ಲಿ ರಕ್ತ ತಾನಾಗಿ ನಿಂತ ಹಾಗೆ ಕಾಣುತ್ತದೆ. ಹಾಗೆ ಸುಮ್ಮನೆ ನಿಂತರೆ ಸಂತೋಷಪಡದೆ ಕಣ್ಣು ನೋಡಬೇಕು. ಅದಕ್ಕೇ ನಾವು ಕಣ್ಣಿಗೆ ಡ್ರೇಪ್ ಮುಚ್ಚುವುದಿಲ್ಲ. ಗುಡ್ಡೆ ಎರಡನ್ನೂ ಬೆರಳಿನಿಂದ ಒತ್ತಿ ಹೋಲಿಸಿ. ಒಂದು ಕಲ್ಲಿನ ಹಾಗಿದ್ದರೆ, ಪಾಪೆ ಹಿಗ್ಗಿದ್ದರೆ, ಸಿಟಿಗೆ ಕಳಿಸುವ ಯೋಚನೆ ಬೇಡ. ಕಣ್ಣಿನೊಳಗಿನ ಒತ್ತಡ 40 ದಾಟಿದರೆ ಕಾಯುವಂತಿಲ್ಲ. ಒಂದರಿಂದ ಒಂದೂವರೆ ಗಂಟೆಯೊಳಗೆ ರೆಟಿನಾ ಹೋಗುತ್ತದೆ, ಅಪಧಮನಿಯದಾದ್ದರಿಂದ ಬೇಗನೇ. ಮೂಗಿನ ಪ್ಯಾಕ್ ತೆಗೆಯಿರಿ, ಮ್ಯಾನಿಟಾಲ್ 20% ಕೆಜಿಗೆ ಒಂದು ಗ್ರಾಂ, ಅಸಿಟಜೋಲಮೈಡ್ 500 ಮಿ.ಗ್ರಾಂ. ರಕ್ತನಾಳಕ್ಕೆ, ಆಸ್ತಮಾ ಇಲ್ಲದಿದ್ದರೆ ಟಿಮೊಲಾಲ್ ಹನಿ. ಇವೆಲ್ಲ ಕ್ಯಾಂತಾಟಮಿಗೆ (ಕಣ್ಣಿನ ಹೊರಮೂಲೆ ಕತ್ತರಿಸುವುದಕ್ಕೆ) ಕೈ ತೊಳೆಯುವ ಹೊತ್ತಿನಲ್ಲಿ ಆಗಬೇಕಾದವು, ಅದರ ಬದಲಿಗೆ ಅಲ್ಲ.

ಹೊರಮೂಲೆಗೆ ಅಡ್ರಿನಲಿನ್ ಇರುವ ಲಿಗ್ನೊಕೇನ್ ಹಾಕಿ, ಆರ್ಟರಿ ಫೋರ್ಸೆಪ್ಸಿನಿಂದ ಒಂದು ನಿಮಿಷ ಕಚ್ಚಿಸಿ, ಆ ಗೆರೆಯ ಮೇಲೆ ಮೂಳೆಯ ಅಂಚಿನವರೆಗೆ ಒಂದು ಸೆಂಟಿಮೀಟರಿನಷ್ಟು ಕತ್ತರಿಸಿ. ನಾವು ಮೊದಲ ಸಲ ಇಲ್ಲಿಗೇ ನಿಲ್ಲಿಸಿದ್ದೆವು. ಗುಡ್ಡೆ ಕಲ್ಲಾಗಿಯೇ ಇತ್ತು. ಒತ್ತಡ ಇಳಿಸುವುದು ಈ ಗೆರೆಯಲ್ಲ, ಕೆಳಗಿನ ರೆಪ್ಪೆಯ ಕಟ್ಟು. ರೆಪ್ಪೆ ಮುಂದಕ್ಕೆಳೆದು, ಕತ್ತರಿಯ ಮೊನೆ ಕೆಳಕ್ಕೆ ಮತ್ತು ಹಿಂದಕ್ಕೆ ತಿರುಗಿಸಿ, ತುದಿಯಿಂದ ಮೀಟಿದರೆ ತಂತಿಯ ಹಾಗೆ ಬಿಗಿ ಸಿಗುತ್ತದೆ. ಅದನ್ನು ಕತ್ತರಿಸಬೇಕು. ಸರಿಯಾಗಿ ಕತ್ತರಿಸಿದ್ದರೆ ರೆಪ್ಪೆ ಗುಡ್ಡೆಯಿಂದ ಪೂರ್ತಿ ಬಿಟ್ಟುಕೊಂಡು ಕೈಗೆ ಬರುತ್ತದೆ. ಬರದಿದ್ದರೆ ಇನ್ನೂ ಕತ್ತರಿಸಿಲ್ಲ ಎಂದೇ ಅರ್ಥ. ಇನ್ನೂ ಇಳಿಯದಿದ್ದರೆ ಮೂಗಿನ ಕಡೆಯಿಂದ ಲ್ಯಾಮಿನಾ (ಕಣ್ಣು ಮೂಗಿನ ನಡುವಿನ ತೆಳು ಮೂಳೆ) ತೆಗೆದು ಪೆರಿಆರ್ಬಿಟಾ (ಅದರ ಹಿಂದಿನ ಪೊರೆ) ಸೀಳಬೇಕು, ಸ್ಕೋಪ್ ಹೇಗೂ ಕೈಯಲ್ಲೇ ಇದೆ. ರೆಪ್ಪೆಯ ಗಾಯಕ್ಕೆ ಹೊಲಿಗೆ ಆ ದಿನ ಬೇಡ. ವಾರದ ಮೇಲೆ ಹಾಕಿದರೂ ಚೆನ್ನಾಗಿ ಕೂಡುತ್ತದೆ, ಎಷ್ಟೋ ಸಲ ಹಾಕುವುದೇ ಬೇಕಾಗುವುದಿಲ್ಲ.

ಸ್ಫಿನೋಪ್ಯಾಲಟೈನ್ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಎಲ್ಲರಿಗೂ ಪರಿಚಯ ಇದ್ದದ್ದೇ. ಸ್ಫಿನಾಯ್ಡ್ ಬಾಯಿಯನ್ನು ಕೆಳಕ್ಕೆ ಅಗಲಿಸುವಾಗ ಸಿಗುವ ಹಿಂದಿನ ಸೆಪ್ಟಲ್ ಕೊಂಬೆಯನ್ನು ಕತ್ತರಿಸುವ ಮೊದಲೇ ಬೈಪೋಲಾರ್ ಹಾಕಿಬಿಡಿ. ಬಿಪಿ ಕಡಿಮೆಯಿದ್ದಾಗ ಅದು ಮಲಗಿರುತ್ತದೆ, ವಾರ್ಡಿಗೆ ಹೋದ ಮೇಲೆ ಏಳುತ್ತದೆ. ಮುಗಿಸುವ ಮೊದಲು ಮೀನ್ ಪ್ರೆಶರ್ 80ಕ್ಕೆ ಏರಿಸಲು ಹೇಳಿ ಐದು ನಿಮಿಷ ಕಾದು ನೋಡುವುದನ್ನು ಶುರುಮಾಡಿದ ಮೇಲೆ ರಾತ್ರಿ ಫೋನುಗಳು ಅರ್ಧಕ್ಕಿಂತ ಕಡಿಮೆಯಾಗಿವೆ.

ಮ್ಯೂಕರ್ ಕೇಸುಗಳಲ್ಲಿ ಒಂದು ಬೇರೆಯೇ ಪಾಠ ಸಿಕ್ಕಿತು. ಅಲ್ಲಿ ನಾಳದ ಗೋಡೆಯನ್ನೇ ಫಂಗಸ್ ತಿಂದಿರುತ್ತದೆ, ನಾವು ಮುಟ್ಟದಿದ್ದರೂ ದಿನಗಳು ಕಳೆದ ಮೇಲೆ ಹರಿಯಬಹುದು. ಸ್ಫಿನಾಯ್ಡ್ ಪಕ್ಕದ ಮೂಳೆ ಸಿಟಿಯಲ್ಲಿ ಸವೆದು ಕಂಡ ಪ್ರತಿ ಕೇಸಿಗೂ ಈಗ ಸರ್ಜರಿಗೆ ಮೊದಲೇ ಸಿಟಿ ಆಂಜಿಯೋ ಮಾಡಿಸುತ್ತೇನೆ. ಒಣಗಿ ಕಪ್ಪಾದ ಮೂಳೆ ಕೆರೋಟಿಡ್ ಮೇಲೆ ಗಟ್ಟಿಯಾಗಿ ಕೂತಿದ್ದರೆ ಅಲ್ಲಾಡಿಸದೆ ಬಿಡುತ್ತೇನೆ. ಸಡಿಲವಾಗಿದ್ದರೆ ಮಾತ್ರ, ತೊಡೆ ಡ್ರೇಪ್ ಆಗಿದೆಯೇ ಎಂದು ಒಮ್ಮೆ ತಿರುಗಿ ನೋಡಿ, ಎತ್ತುತ್ತೇನೆ. ಇಂಥ ರೋಗಿಗೆ ಮನೆಗೆ ಹೋದ ಮೇಲೆ ಒಂದು ಚಮಚದಷ್ಟು ಹೊಸ ರಕ್ತ ಮೂಗಿನಿಂದ ಬಂದರೂ ಅದು ಮುನ್ಸೂಚನೆ. ಹತ್ತಿರದ ಆಸ್ಪತ್ರೆಯಲ್ಲಿ ಹತ್ತಿ ಇಡಿಸಿಕೊಂಡು ವಾಪಸ್ ಹೋಗಬಾರದು, ನೇರ ಆಂಜಿಯೋ ಇರುವ ಕಡೆಗೇ ಹೋಗಬೇಕು ಎಂದು ಡಿಸ್ಚಾರ್ಜ್ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದು, ಮನೆಯವರಲ್ಲಿ ಓದು ಬಲ್ಲ ಒಬ್ಬರಿಂದ ಅದನ್ನು ನಮ್ಮೆದುರಿಗೇ ಗಟ್ಟಿಯಾಗಿ ಓದಿಸಿ ಕಳಿಸುತ್ತೇವೆ.